ದೂರು ಕೊಟ್ಟವರ ಮನೆಬಾಗಿಲಲ್ಲಿ

ನಮ್ಮ ವಾರ್ಡ್ ಆಫೀಸಿಗೆ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ದೀಪ, ಚರಂಡಿ, ರಸ್ತೆ, ನೀರಿನವು. ಉಳಿದವು ಮನುಷ್ಯರವು. ಆದರೆ ಮನುಷ್ಯರ ದೂರುಗಳು ಚರಂಡಿಯ ಹೆಸರು ಹೇಳಿಕೊಂಡೇ ಬರುತ್ತವೆ, ಹಾಗಾಗಿ ಸ್ಥಳಕ್ಕೆ ಹೋಗಿ ನೋಡುವ ತನಕ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ಹಾಗೆ ಹೋಗಿ ನೋಡುವುದೇ ನನ್ನ ಕೆಲಸ. ಅಪ್ಪ ಉಡುಪಿ ಕಡೆಯಿಂದ ಬಂದು ಕೋಲ್ಕತ್ತದ ಕಸ್ಬಾದಲ್ಲಿ ಸಣ್ಣ ಹೋಟೆಲು ಇಟ್ಟವರು. ನಾನು ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ. ಪರೀಕ್ಷೆ ಬರೆದು ದೂರು ವಿಭಾಗ ಸೇರಿದೆ. ಯಾರಾದರೂ ದೂರು ಕೊಟ್ಟರೆ ಹೋಗಿ ವಿಚಾರಿಸಬೇಕು, ಸಂಬಂಧಪಟ್ಟವರಿಂದ ಕೆಲಸ ಮಾಡಿಸಬೇಕು, ದೂರು ಕೊಟ್ಟವರೇ "ಸರಿಯಾಯಿತು" ಎಂದ ಮೇಲೆ ಅದನ್ನು ಮುಗಿಸಬೇಕು. ಹೇಳುವುದಕ್ಕೇನೋ ಸುಲಭ.

ದೀಪ ಬೇಕು, ದೀಪ ಬೇಡ

ಒಂದು ಗಲ್ಲಿಯಿಂದ ಹಿರಿಯರೊಬ್ಬರು ಫೋನ್ ಮಾಡಿ, ಬೀದಿದೀಪ ಉರಿಯುತ್ತಿಲ್ಲ ಎಂದರು. ಲೈನ್‌ಮ್ಯಾನ್ ಹೋಗಿ ಹೊಸ ಬಲ್ಬು ಹಾಕಿ ಬಂದ. ಮರುದಿನವೇ ಅದೇ ಗಲ್ಲಿಯಿಂದ ಹೆಂಗಸೊಬ್ಬರ ಫೋನು. "ನಿಮ್ಮ ದೀಪದ ಬೆಳಕು ನೇರ ನನ್ನ ಮಂಚದ ಮೇಲೆ ಬೀಳುತ್ತದೆ. ಕಣ್ಣು ಮುಚ್ಚಲು ಆಗುತ್ತಿಲ್ಲ."

ಲೈನ್‌ಮ್ಯಾನ್ ಹೋಗಿ ದೀಪವನ್ನು ಆಚೆಗೆ ತಿರುಗಿಸಿದ. ಈಗ ಹಿರಿಯರು ಸಿಟ್ಟಾದರು. "ವರಾಂಡದಲ್ಲಿ ಕತ್ತಲೆ. ಕೈಯಲ್ಲಿರುವ ಇಸ್ಪೀಟೆಲೆ ರಾಜನೋ ರಾಣಿಯೋ ತಿಳಿಯುವುದಿಲ್ಲ." ದೀಪ ಮತ್ತೆ ಈಚೆಗೆ ತಿರುಗಿತು. ಮತ್ತೆ ಹೆಂಗಸಿನ ಫೋನು ಬಂತು.

"ದಿದಿ, ನಾನು ಆ ಕಂಬದ ಮೇಲೇ ಸಂಸಾರ ಹೂಡುತ್ತೇನೆ, ಹತ್ತಿ ಇಳಿಯುವುದಾದರೂ ತಪ್ಪುತ್ತದೆ" ಎಂದ ಲೈನ್‌ಮ್ಯಾನ್.

ಅಕ್ಕಪಕ್ಕದ ಮನೆಯವರನ್ನು ಎದುರುಬದುರು ಕೂರಿಸಿದರೆ ಮುಗಿಯುತ್ತದೆ ಎಂದುಕೊಂಡು ಒಂದು ಸಂಜೆ ನಾನೇ ಹೋದೆ. ಹಿರಿಯರು ವರಾಂಡದಲ್ಲಿ ಗೆಳೆಯರ ಜೊತೆ ಕೂತಿದ್ದರು. ದೀಪ ಬೇಡ ಎನ್ನುವ ಹೆಂಗಸಿನ ಮನೆ ಯಾವುದು ಎಂದು ಕೇಳಿದೆ. ಅವರು ಎಲೆಗಳಿಂದ ಕಣ್ಣು ತೆಗೆಯದೆ, "ಒಳಗೆ ಚಹಾ ಮಾಡುತ್ತಿದ್ದಾಳೆ" ಎಂದರು.

"ನೀವಿಬ್ಬರೂ ಮೊದಲು ಮಾತಾಡಿಕೊಳ್ಳಬಹುದಿತ್ತಲ್ಲ?"

"ಮಾತಾಡಿಕೊಂಡೆವು. ಆಮೇಲೆಯೇ ನಿಮಗೆ ದೂರು ಕೊಟ್ಟದ್ದು."

ದೀಪಕ್ಕೆ ಮಂಚದ ಕಡೆಗೆ ಒಂದು ಮರೆ ಹಾಕಿಸಿಕೊಡುತ್ತೇನೆ ಎಂದೆ. ಹೆಂಡತಿ ಚಹಾ ತಂದಿಟ್ಟು ನನ್ನ ಪಕ್ಕ ಕೂತು ತಗ್ಗಿದ ದನಿಯಲ್ಲಿ ಕೇಳಿದರು: "ದೀಪ ಇದ್ದಲ್ಲೇ ಇರಲಿ ಬಿಡಮ್ಮ. ಇಸ್ಪೀಟು ಆಡುವವರನ್ನು ತೆಗೆಸುವುದಕ್ಕೆ ಯಾವ ವಿಭಾಗಕ್ಕೆ ಫೋನ್ ಮಾಡಬೇಕು?"

ಭಾನುವಾರದ ವಾಸನೆ

ಇನ್ನೊಂದು ಕಡೆ ನೆಲಮಹಡಿಯ ಮನೆಯವರದ್ದು ವಿಚಿತ್ರ ದೂರು. ಚರಂಡಿ ಭಾನುವಾರ ಮಾತ್ರ ನಾರುತ್ತದೆ, ಅದೂ ಮಧ್ಯಾಹ್ನದ ಹೊತ್ತಿಗೆ. ನಮ್ಮವರು ವಾರದ ದಿನ ಹೋಗಿ ಹೂಳು ತೆಗೆದರು. ಮುಂದಿನ ಭಾನುವಾರವೂ ವಾಸನೆ ಬಂತು. ಕೊನೆಗೆ ಚರಂಡಿ ಇನ್‌ಸ್ಪೆಕ್ಟರರೂ ನಾನೂ ರಜೆ ಬಿಟ್ಟು ಭಾನುವಾರವೇ ಹೋದೆವು. ಇನ್‌ಸ್ಪೆಕ್ಟರು ದೊಡ್ಡ ಹೊಟ್ಟೆಯ, ಬಹಳ ಗಂಭೀರವಾದ ಮನುಷ್ಯ. ನಕ್ಕದ್ದನ್ನು ಯಾರೂ ಕಂಡವರಿಲ್ಲ.

ಮನೆಯಾಕೆಯೂ ಸೇರಿ ಮೂವರೂ ಚರಂಡಿಯ ಪಕ್ಕ ನಿಂತು ಕಾದೆವು. ವಾಸನೆ ಬಂತು. ದೂರು ಕೊಟ್ಟಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಕರಾವಳಿಯವರಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಒಣಮೀನು. ಎರಡನೇ ಮಹಡಿಯ ಅಡುಗೆಮನೆಯಿಂದ ಬರುತ್ತಿತ್ತು. ಅಲ್ಲಿದ್ದವರು ಪೂರ್ವ ಬಂಗಾಳದ ಕಡೆಯವರು. ಭಾನುವಾರ ಒಣಮೀನಿನ ಪಲ್ಯ ಇಲ್ಲದೆ ಅವರಿಗೆ ಅನ್ನ ಇಳಿಯುವುದಿಲ್ಲ.

"ಮೂಲಕ್ಕೇ ಹೋಗಿ ಪರಿಶೀಲಿಸದೆ ನಾನು ವರದಿ ಬರೆಯುವವನಲ್ಲ" ಎಂದು ಇನ್‌ಸ್ಪೆಕ್ಟರು ಮೆಟ್ಟಿಲು ಹತ್ತಿದರು. ನಾನು ಕೆಳಗಿನ ಮನೆಯಾಕೆಯನ್ನು ಸಮಾಧಾನ ಮಾಡುತ್ತ ಕಾದೆ. ಎಷ್ಟು ಹೊತ್ತಾದರೂ ಇನ್‌ಸ್ಪೆಕ್ಟರು ಇಳಿಯಲಿಲ್ಲ. ಮೇಲೆ ಜಗಳವೇನಾದರೂ ಆಯಿತೋ ಎಂದು ಹೆದರಿಕೆಯೂ ಆಯಿತು. ಕೊನೆಗೆ ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತ ಬಂದರು. ಇನ್ನು ಮೇಲೆ ಈ ಕಡೆಯ ಕಿಟಕಿ ಮುಚ್ಚಿ ಹಿಂದಿನ ಕಿಟಕಿ ತೆರೆದಿಡಲು ಮೇಲಿನವರು ಒಪ್ಪಿದ್ದಾರೆ ಎಂದರು. ಕೆಳಗಿನಾಕೆಗೂ ಒಪ್ಪಿಗೆಯಾಯಿತು.

ಮರುದಿನ ಅವರ ವರದಿ ನನ್ನ ಮೇಜಿಗೆ ಬಂತು. "ಸ್ಥಳ ಪರಿಶೀಲಿಸಲಾಗಿದೆ. ಚರಂಡಿ ಸ್ವಚ್ಛವಾಗಿದೆ. ವಾಸನೆಯಲ್ಲಿ ಯಾವ ದೋಷವೂ ಇಲ್ಲ. ಖಾರ ತುಸು ಹೆಚ್ಚು."

ಫೋಟೋದ ರಸ್ತೆ

ನಿವೃತ್ತ ಮೇಷ್ಟರೊಬ್ಬರು ತಮ್ಮ ಮನೆಯೆದುರಿನ ಗುಂಡಿಯ ಬಗ್ಗೆ ದೂರು ಕೊಟ್ಟಿದ್ದರು. ಗುಂಡಿ ಮುಚ್ಚಿದ ಮೇಲೆ ಕೆಲಸದವರು ಫೋಟೋ ಕಳಿಸಬೇಕು, ಅದು ದೂರು ಕೊಟ್ಟವರ ಮೊಬೈಲಿಗೂ ಹೋಗುತ್ತದೆ. ಹಾಗೆಯೇ ಮೇಷ್ಟರಿಗೂ ಹೋಯಿತು. ಅವರು ಆಫೀಸಿಗೇ ಬಂದು ಮೊಬೈಲನ್ನು ನನ್ನ ಮುಂದಿಟ್ಟರು. ಕನ್ನಡಿಯಂಥ ರಸ್ತೆ.

"ಇದು ಎಲ್ಲಿದೆ ಎಂದು ಹೇಳಮ್ಮ. ಅಲ್ಲಿಗೇ ಮನೆ ಬದಲಾಯಿಸುತ್ತೇನೆ."

ಗುತ್ತಿಗೆದಾರನನ್ನು ಕರೆಸಿ ಕೇಳಿದರೆ ಅವನಿಗೇನೂ ಅಳುಕಿರಲಿಲ್ಲ. "ಮೇಷ್ಟರ ಗುಂಡಿಯಲ್ಲಿ ನೀರು ನಿಂತಿತ್ತು ದಿದಿ, ಫೋಟೋ ಚೆನ್ನಾಗಿ ಬರುತ್ತಿರಲಿಲ್ಲ. ಅದಕ್ಕೆ ಪಕ್ಕದ ರಸ್ತೆಯದ್ದು ತೆಗೆದೆ."

ಮೇಷ್ಟರ ಎದುರಿಗೇ ಗುಂಡಿ ಮುಚ್ಚಿಸಿದೆ. ಈ ಸಲ ಮೋಸವಾಗಬಾರದೆಂದು ಫೋಟೋದಲ್ಲಿ ತಾವೂ ಇರಬೇಕೆಂದು ಮೇಷ್ಟರು ಹಟ ಹಿಡಿದರು. ಅವರು ಇಸ್ತ್ರಿಯ ಜುಬ್ಬಾ ಹಾಕಿ ಬಂದು ನಿಂತರೆ, ಎದುರುಮನೆಯವರು ತಾವೂ ಸಾಕ್ಷಿ ಎಂದರು. ಸೊಸೆಯಂದಿರು ಬಂದರು, ಮೂಲೆಯ ಔಷಧಿ ಅಂಗಡಿಯವರು ಬಂದರು. ಎತ್ತರದವರೆಲ್ಲ ಹಿಂದೆ ಹೋದರು.

ನಮ್ಮ ಮೇಲಧಿಕಾರಿ ಆ ಫೋಟೋವನ್ನು ಬಹಳ ಹೊತ್ತು ನೋಡಿ, "ಮದುವೆ ಯಾರದು?" ಎಂದರು. ಗುಂಡಿ ಮುಚ್ಚಿದ ಫೋಟೋ ಸರ್, ಎಂದೆ.

"ಎಲ್ಲಿ ಗುಂಡಿ?"

"ಅವರೆಲ್ಲ ನಿಂತಿರುವುದೇ ಅದರ ಮೇಲೆ ಸರ್."

ಅಮ್ಮನ ದೂರು

ಒಂದು ಬೆಳಿಗ್ಗೆ ಕಂಪ್ಯೂಟರಿನಲ್ಲಿ ಹೊಸ ದೂರುಗಳನ್ನು ನೋಡುತ್ತಿದ್ದೆ. ಒಂದರಲ್ಲಿ ನಮ್ಮದೇ ಮನೆಯ ವಿಳಾಸ. "ಅಡುಗೆಮನೆಯ ನಲ್ಲಿಯಲ್ಲಿ ನೀರು ದಾರದಷ್ಟು ಬರುತ್ತದೆ. ಮನೆಯವರಿಗೆ ಹೇಳಿ ಪ್ರಯೋಜನವಾಗಲಿಲ್ಲ." ಕೊಟ್ಟವರ ಹೆಸರು ಅಮ್ಮನದು. ಮನೆಯವರು ಎಂದರೆ ನಾನು.

ಕೂಡಲೇ ಫೋನ್ ಮಾಡಿದೆ. "ಅಮ್ಮ, ಇದೆಂತದು? ನನಗೇ ಹೇಳಬಹುದಿತ್ತಲ್ಲ?"

"ನಿಂಗೆ ಹೇಳಿ ಹೇಳಿ ಸಾಕಾಯ್ತು ಮಾರಾಯ್ತಿ. ನಾಳೆ ನೋಡುವ ಅಂತಿ. ಆಫೀಸಿಗೆ ದೂರು ಕೊಟ್ರೆ ಬೇಗ ಆಗ್ತದೆ ಅಂತ ಊರಿಗೆಲ್ಲ ಹೇಳುದು ನೀನೇ ಅಲ್ವ?"

ಬೇರೆ ಯಾರನ್ನಾದರೂ ಕಳಿಸಿ ಎಂದು ಮೇಲಧಿಕಾರಿಯನ್ನು ಕೇಳಿದೆ. ಅವರು ನಗು ತಡೆದುಕೊಂಡು, ನಿಮ್ಮ ಏರಿಯಾ, ನೀವೇ ಹೋಗಿ ಎಂದರು. ಮಧ್ಯಾಹ್ನ ಪೈಪ್ ಮಿಸ್ತ್ರಿಯನ್ನು ಕರೆದುಕೊಂಡು ನಮ್ಮ ಮನೆಯ ಗಂಟೆಯನ್ನು ನಾನೇ ಒತ್ತಿದೆ.

ಸೀದಾ ಅಡುಗೆಮನೆಗೆ ಹೊರಟವಳನ್ನು ಅಮ್ಮ ತಡೆದರು. "ನೀವು ಆಫೀಸಿನವರಲ್ವ? ಕೂತ್ಕೊಳ್ಳಿ. ಬಾಯಾರಿಕೆಗೆ ಎಂತ ಕೊಡ್ಲಿ?" ಎಂದು ನೆಂಟರಿಗೆಂದೇ ಕಪಾಟಿನಲ್ಲಿಟ್ಟಿದ್ದ ಹೂವಿನ ಕಪ್ಪಿನಲ್ಲಿ ಚಾ ತಂದರು. ಆ ಕಪ್ಪನ್ನು ಮುಟ್ಟಲು ಕೂಡ ನನಗೆ ಅದುವರೆಗೆ ಬಿಟ್ಟಿರಲಿಲ್ಲ. ಎದುರು ಕೂತು ಮಾತು ಶುರುಮಾಡಿದರು. "ನಂಗೊಬ್ಳು ಮಗಳಿದ್ದಾಳೆ. ಕಂಡವರ ನಲ್ಲಿ ಎಲ್ಲ ಸರಿ ಮಾಡಿಸ್ತಾಳೆ. ಸ್ವಂತ ಮನೆಯದ್ದು ಮಾತ್ರ ಕೇಳ್ಬೇಡಿ."

ಮಿಸ್ತ್ರಿಗೆ ಕನ್ನಡ ಬಾರದು. ಮಾಶಿಮಾ, ಅಂದರೆ ಚಿಕ್ಕಮ್ಮ, ಯಾರನ್ನು ಬೈಯುತ್ತಿದ್ದಾರೆ ಎಂದು ಬಂಗಾಳಿಯಲ್ಲಿ ಮೆಲ್ಲಗೆ ಕೇಳಿದ. ಯಾರೋ ಒಬ್ಬಳನ್ನು, ಎಂದೆ.

ಬೀದಿಯ ಪೈಪಿನಿಂದ ನಮ್ಮ ಮನೆಗೆ ತಿರುಗುವಲ್ಲಿ ಮಣ್ಣು ಕಟ್ಟಿಕೊಂಡಿತ್ತು. ಅವನು ಬಿಚ್ಚಿ ತೆಗೆದ. ನಲ್ಲಿಯಲ್ಲಿ ಕೊಡ ತುಂಬುವ ಸದ್ದು ಕೇಳಿದಾಗ ಅಮ್ಮನ ಮುಖ ನೋಡಿ, ಇಷ್ಟು ಸಣ್ಣ ಕೆಲಸವನ್ನು ಯಾಕೆ ಮುಂದೂಡುತ್ತಿದ್ದೆನೋ ಅನಿಸಿತು.

ದೂರು ಮುಗಿದ ಮೇಲೆ ಆಫೀಸಿನಿಂದ ಫೋನ್ ಮಾಡಿ ತೃಪ್ತಿಯಾಯಿತೇ ಎಂದು ಕೇಳುವ ಕ್ರಮವಿದೆ. ಪಕ್ಕದ ಮೇಜಿನ ಸಹೋದ್ಯೋಗಿ ಬೇಕೆಂದೇ ಸ್ಪೀಕರ್ ಹಾಕಿ ಅಮ್ಮನಿಗೆ ಫೋನ್ ಮಾಡಿದಳು. ಇಡೀ ಆಫೀಸು ಕೆಲಸ ನಿಲ್ಲಿಸಿ ಕಿವಿಗೊಟ್ಟಿತು.

"ಮಾಶಿಮಾ, ನೀರು ಸರಿಯಾಯಿತಾ?"

"ಆಯಿತು."

"ಬಂದ ಅಧಿಕಾರಿ ಹೇಗೆ ನಡೆದುಕೊಂಡರು?"

ಅಮ್ಮ ಸ್ವಲ್ಪ ಯೋಚಿಸಿ ತಮ್ಮ ಹಿಂದಿಯಲ್ಲಿ ಹೇಳಿದರು: "ತುಂಬಾ ಒಳ್ಳೆಯ ಹುಡುಗಿ. ಎಷ್ಟು ಹೇಳಿದರೂ ಎದುರು ಮಾತಾಡಲಿಲ್ಲ. ಅವಳ ತಾಯಿ ಚೆನ್ನಾಗಿ ಬೆಳೆಸಿದ್ದಾರೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ."