ಎಡಗೈ ಕಾಲೇಜು, ಬಲಗೈ ಕಾಲೇಜು

ಡ್ರಾಯಿಂಗ್ ಮೇಷ್ಟ್ರು ಶ್ಯಾಮಸುಂದರರಿಗೆ ಸೂಜಿ ಎಂದರೆ ಭಯ. ಅಂಥಿಂಥ ಭಯವಲ್ಲ, ಹೆಂಡತಿ ಗುಂಡಿ ಹೊಲಿಯಲು ಕೂತರೂ ಅವರು ಎದ್ದು ಬಾಗಿಲಾಚೆ ಹೋಗುತ್ತಿದ್ದರು. ಇಂಥವರ ಮಗಳು ದೀಪ್ತಿ, ಪಿಯುಸಿ ಮುಗಿಸಿ, ಓದಿದರೆ ನರ್ಸಿಂಗೇ ಎಂದು ಹಟ ಹಿಡಿದಳು. ಏನು ಮಾಡುತ್ತೀರಿ!

ಎರಡು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಒಂದು ಮೂಡಲಪಾಳ್ಯದ್ದು. ಕೆಳಗೆ ಬೇಕರಿ, ಮೇಲೆ ಕಾಲೇಜು, ಫೀಸು ಕಮ್ಮಿ. ಇನ್ನೊಂದು ರಾಜಾಜಿನಗರದ್ದು. ಗಾಜಿನ ಕಟ್ಟಡ, ಸ್ವಂತ ಆಸ್ಪತ್ರೆ, ಫೀಸು ಅದರ ಮೂರರಷ್ಟು. ಎರಡೂ ಕಡೆ ಇವತ್ತು ಸಂಜೆಯೊಳಗೆ ಹಣ ಕಟ್ಟದಿದ್ದರೆ ಸೀಟು ಹೋಯಿತು.

ಹಣವೇನೋ ಇತ್ತು. ಆದರೆ ಅದು ಮಹಾಲಕ್ಷ್ಮಿ ಲೇಔಟಿನ ಮನೆಯ ತಾರಸಿ ಮೇಲೆ ಒಂದು ರೂಮು ಎಬ್ಬಿಸಿ ಬಾಡಿಗೆಗೆ ಕೊಡೋಣವೆಂದು ಕೂಡಿಟ್ಟದ್ದು. ರೂಮಿಗೆಂದು ಬಿಟ್ಟ ಕಬ್ಬಿಣದ ಕಂಬಿಗಳು ಎಷ್ಟೋ ವರ್ಷದಿಂದ ಆಕಾಶ ನೋಡುತ್ತ ನಿಂತಿದ್ದವು. ಹೆಂಡತಿ ಅನಂತಲಕ್ಷ್ಮಿ ಅವಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು. ಮೂಡಲಪಾಳ್ಯವಾದರೆ ರೂಮು, ರಾಜಾಜಿನಗರವಾದರೆ ಬರೀ ಕಂಬಿ.

"ರೀ, ಕಮ್ಮಿ ಫೀಸು ಅಂತ ಸೇರಿಸಿ, ಪಾಠ ಸರಿ ಇಲ್ದೆ ಹೋದ್ರೆ?" ಎಂದರು ಅನಂತಲಕ್ಷ್ಮಿ.

"ಅಲ್ಲಿ ಓದ್ತಿರೋರನ್ನೇ ಕೇಳೋಣಪ್ಪ," ಎಂದಳು ದೀಪ್ತಿ.

"ಕೇಳಿದ್ರೆ ಎಲ್ರೂ ಚೆನ್ನಾಗಿದೆ ಅಂತಾನೇ ಅಂತಾರೆ. ಸುಮ್ನಿರೇ!" ಎಂದು ಮೇಷ್ಟ್ರು ಗದರಿದರು.

ಅಷ್ಟರಲ್ಲಿ ಕಾಂಪೌಂಡಿನ ಆಚೆ ಪಕ್ಕದ ಮನೆಯ ಜಂಬಣ್ಣನವರ ತಲೆ ಮೂಡಿತು. ದಾವಣಗೆರೆಯಲ್ಲಿ ಅಕ್ಕಿ ವ್ಯಾಪಾರ ಮಾಡಿ ದಣಿದು, ಈಗ ಬೇರೆಯವರ ಮನೆ ವಿಚಾರದಲ್ಲಿ ವಿಶ್ರಾಂತಿ ಪಡೆಯುತ್ತಿದ್ದ ಪುಣ್ಯಾತ್ಮರು.

"ಮೂಟಿ ಮ್ಯಾಲೆ ಏನು ಬರ್ದೈತಿ ಅಂತ ನೋಡಿ ಅಕ್ಕಿ ತಗೋತಾರೇನ್ರೀ ಮೇಷ್ಟ್ರೇ? ಸೈಡಿಗೆ ಚುಚ್ಚಿ ನಾಕು ಕಾಳು ತೆಗೆದು ನೋಡ್ಬೇಕು."

"ಕಾಲೇಜಿಗೆ ಹೇಗ್ರೀ ಚುಚ್ಚೋದು?"

"ನೀವು ಚುಚ್ಚೋದಲ್ರೀ, ಚುಚ್ಚಿಸ್ಕಳ್ಳೋದು! ಶುಗರ್ ಟೆಸ್ಟ್ ಅಂತ ಅವರು ಕಲಿಯೋ ಆಸ್ಪತ್ರಿಗೆ ಹೋಗ್ರಿ. ಹುಡುಗೇರು ರಕ್ತ ತೆಗೀತಾರ. ಯಾರ ಕೈ ಛಲೋ ಐತೋ ಅದೇ ಛಲೋ ಕಾಲೇಜು. ಆದ್ರ ಮಗಳನ್ನ ಸೇರಿಸಾಕ ಬಂದೀವಿ ಅಂತ ಬಾಯಿ ಬಿಡಬ್ಯಾಡ್ರಿ, ಆರಿಸಿ ಒಳ್ಳೇ ಹುಡುಗೀನ ಕಳಿಸಿಬಿಡ್ತಾರ."

ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದರು. ಆದರೆ ಮೇಲೆ ನೋಡಿದರೆ ಕಂಬಿ. ಆದದ್ದಾಗಲಿ ಎಂದು ಜಂಬಣ್ಣನವರ ಸ್ಕೂಟರ್ ಹತ್ತಿದರು.

ಮೂಡಲಪಾಳ್ಯದ ಕಾಲೇಜಿನ ಎದುರಿಗೇ ಒಂದು ಸಣ್ಣ ಆಸ್ಪತ್ರೆ. "ನರ್ಸಿಂಗ್ ಹುಡ್ಗೀರೆಲ್ಲ ಅಲ್ಲೇ ಸಾರ್ ಇರೋದು," ಎಂದ ಬೇಕರಿಯವನು. ಸ್ಕೂಟರನ್ನು ಯಾರಾದರೂ ಎತ್ತಿಕೊಂಡು ಹೋದಾರೆಂದು ಜಂಬಣ್ಣ ಕಿಟಕಿಯ ಹೊರಗೇ ನಿಂತರು. ಮೇಷ್ಟ್ರು ಒಳಗೆ ಹೋಗಿ, ಎಡಗೈ ಚಾಚಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು.

ಚುರ್ರ್!

"ಅಯ್ಯೋ, ಸಾರಿ ಅಂಕಲ್. ನರ ಜಾರ್ಕೊಳ್ತು."

ಇನ್ನೊಮ್ಮೆ ಚುರ್ರ್.

"ಎಲ್ಲೋಯ್ತು ಇದು?"

"ಎಲ್ಲೋಗುತ್ತಮ್ಮ, ನನ್ನ ಕೈಯಲ್ಲೇ ಇರುತ್ತೆ, ಸರಿಯಾಗಿ ಹುಡುಕು!" ಎಂದು ಮೇಷ್ಟ್ರು ಕಿರುಚಿದರು.

ಕಿಟಕಿಯಿಂದ ಜಂಬಣ್ಣನವರ ದನಿ ಬಂತು. "ಹೆಂಗೈತ್ರೀ ಕಾಳು?"

"ಬರೀ ಕಲ್ಲು ಕಣ್ರೀ!"

ನಾಲ್ಕನೇ ಸಲಕ್ಕೆ ರಕ್ತ ಬಂತು. ಎಡಗೈ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಅವರಿಗೆ ಕೈಗಿಂತ ರೂಮಿನದೇ ಹೆಚ್ಚು ನೋವು.

ರಾಜಾಜಿನಗರದ ಆಸ್ಪತ್ರೆಯಲ್ಲಿ ಬಲಗೈ ಚಾಚಿದರು. ಮತ್ತೆ ಕಣ್ಣು ಮುಚ್ಚಿದರು.

"ಬೆಳಿಗ್ಗೆ ಏನ್ ತಿಂಡಿ ಅಂಕಲ್?" ಎಂದಿತು ಒಂದು ಮೆಲುದನಿ.

"ಅ... ಅವಲಕ್ಕಿ."

"ಒಗ್ಗರಣೆದಾ, ಮೊಸರವಲಕ್ಕೀನಾ?"

"ಒಗ್ಗರಣೆದು. ಬೇಗ ಚುಚ್ಚಮ್ಮ, ಪ್ರಾಣ ಹೋಗ್ತಿದೆ."

"ಚುಚ್ಚಿ, ರಕ್ತ ತೆಗೆದು, ಹತ್ತಿ ಇಟ್ಟಾಯ್ತು ಅಂಕಲ್. ಏಳಿ."

ಮೇಷ್ಟ್ರು ಕಣ್ಣು ಬಿಡುವಷ್ಟರಲ್ಲಿ ಹುಡುಗಿ ಪಕ್ಕದ ಮಂಚಕ್ಕೆ ಹೋಗಿದ್ದಳು. ಅವರ ಕಣ್ಣಲ್ಲಿ ನೀರು ಬಂತು. ಇದಪ್ಪ ವಿದ್ಯೆ! ರೂಮು ಹಾಳಾಗಲಿ, ಮಗಳ ಕೈಗೆ ಈ ಗುಣ ಬಂದರೆ ಸಾಕು. ನೇರ ಕಾಲೇಜಿನ ಆಫೀಸಿಗೆ ನುಗ್ಗಿ, ಇದ್ದಬದ್ದದ್ದನ್ನೆಲ್ಲ ಕಟ್ಟಿಬಿಟ್ಟರು. ಅಲ್ಲೇ ಗಾಜಿನ ಬೀರುವಿನಲ್ಲಿ, ಚುಚ್ಚಿ ಕಲಿಯಲೆಂದು ತಂದ ರಬ್ಬರ್ ಕೈಯೊಂದು ಥಳಥಳ ಹೊಳೆಯುತ್ತಿತ್ತು. ಅದರ ಮೇಲೆ ಒಂದು ಗೀರೂ ಇರಲಿಲ್ಲ. ಎಷ್ಟು ಜೋಪಾನವಾಗಿ ಇಟ್ಟಿದ್ದಾರೆ ಎಂದು ಮೇಷ್ಟ್ರು ಮೆಚ್ಚಿಕೊಂಡರು.

ಗೇಟಿನ ಹತ್ತಿರ ಬಸ್ಸಿಗೆ ಕಾಯುತ್ತಿದ್ದ ಹುಡುಗಿ ನಕ್ಕಳು. "ಅವಲಕ್ಕಿ ಅಂಕಲ್! ಕೈ ನೋಯ್ತಿಲ್ಲ ತಾನೇ?"

ಅದೇ ದನಿ! "ನಿನ್ನ ಹೆಸರೇನು ತಾಯಿ?"

"ಶಿವಾನಿ."

"ನೂರು ವರ್ಷ ಬಾಳು! ನನ್ನ ಮಗಳನ್ನೂ ನಿಮ್ಮ ಕಾಲೇಜಿಗೇ ಸೇರಿಸಿದೆ."

"ಹೌದಾ! ಹಾಗಾದ್ರೆ ದಿನಾ ಮೂಡಲಪಾಳ್ಯಕ್ಕೆ ಬರ್ತಾಳೆ?"

"ಮೂಡಲಪಾಳ್ಯ ಯಾಕಮ್ಮ?"

"ನಮ್ಮ ಕಾಲೇಜ್ ಇರೋದೇ ಅಲ್ಲಲ್ವಾ. ನಮಗೆ ಸ್ವಂತ ಆಸ್ಪತ್ರೆ ಇಲ್ಲ ಅಂಕಲ್, ಡ್ಯೂಟಿ ಕಲಿಯೋಕೆ ಇಲ್ಲಿಗೆ ಕಳಿಸ್ತಾರೆ. ಸಣ್ಣ ಆಸ್ಪತ್ರೆ ಕೆಲಸಾನೂ ಗೊತ್ತಿರ್ಲಿ ಅಂತ ಇಲ್ಲಿಯ ಹುಡ್ಗೀರನ್ನ ಈ ತಿಂಗಳು ನಮ್ಮ ಕಾಲೇಜ್ ಎದುರಿನ ಆಸ್ಪತ್ರೆಗೆ ಹಾಕಿದ್ದಾರೆ. ಪಾಪ, ಅವರಿಗೆ ಕೈ ನಡುಗುತ್ತೆ. ನಾವು ನಮ್ಮ ರಬ್ಬರ್ ಕೈನ ಚುಚ್ಚಿ ಚುಚ್ಚಿ ಜರಡಿ ಮಾಡಿದ್ದೀವಿ. ಇವರದ್ದಕ್ಕೆ ಬೀಗ. ಯಾರಾದ್ರೂ ದೊಡ್ಡೋರು ನೋಡೋಕೆ ಬಂದಾಗ ಮಾತ್ರ ತೆಗೀತಾರೆ."

ಮೇಷ್ಟ್ರು ಆಫೀಸಿಗೆ ಓಡಿದರು. "ಕಟ್ಟಿದ್ದು ಕಟ್ಟಿದ್ದೇ ಸಾರ್," ಎಂದು ಗುಮಾಸ್ತ ಕಿಟಕಿ ಮುಚ್ಚಿದ.

ಮನೆಗೆ ಬಂದು ಎಲ್ಲ ಹೇಳಿಕೊಂಡಾಗ ಅನಂತಲಕ್ಷ್ಮಿ ಒದ್ದೆ ಬಟ್ಟೆಯ ಬಕೆಟ್ ಹಿಡಿದು ತಾರಸಿಗೆ ಹೋದರು. ಕಾಂಪೌಂಡಿನ ಮೇಲೆ ಮತ್ತೆ ಜಂಬಣ್ಣನವರ ತಲೆ ಮೂಡಿತು.

"ಆಗಿದ್ದಾತು ಬಿಡ್ರಿ ಮೇಷ್ಟ್ರೇ. ಕಾಲೇಜಿನಾಗ ಬೀಗ ಹಾಕಿದ್ರೇನು, ಮನ್ಯಾಗ ರೂಢಿ ಮಾಡಿಸ್ರಿ."

ದೀಪ್ತಿಯ ಮುಖ ಅರಳಿತು. ಅಪ್ಪನ ಪಕ್ಕ ಕೂತು, ನೋವಿಲ್ಲದ ಬಲಗೈಯನ್ನು ಪ್ರೀತಿಯಿಂದ ತೊಡೆಯ ಮೇಲೆ ಎಳೆದುಕೊಂಡು, ಬೆರಳಿಂದ ಒತ್ತಿ ಒತ್ತಿ ನೋಡಿದಳು.

"ಅಪ್ಪಾ, ನಿನ್ನ ನರ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ! ನಾಲ್ಕು ವರ್ಷದ ಕೋರ್ಸಿಗೆ ಧಾರಾಳವಾಗಿ ಸಾಕು."

ಶ್ಯಾಮಸುಂದರ ಮೇಷ್ಟ್ರು ಈಗಿನಿಂದಲೇ ಕಣ್ಣು ಮುಚ್ಚಿಕೊಂಡರು.