ಮಾಮಾನ ಪಂಪ್‌ಹೌಸಿಗೆ ಕೆಂಪು ಬಿಲ್ಲೆ

ನಮ್ಮ ಮಾಮಾನಿಗೆ ಹೃದಯವಿಲ್ಲ. ಹೊಟ್ಟೆಯೂ ಇಲ್ಲ. ಮೂತ್ರಪಿಂಡಗಳಂತೂ ಹುಡುಕಿದರೂ ಸಿಗಲಾರವು. ಇಷ್ಟೆಲ್ಲ ಇಲ್ಲದ ಮನುಷ್ಯ ದಾಂಡೇಲಿಯಲ್ಲಿ ದಿನವೂ ಎರಡು ತಾಟು ಉಪ್ಪಿಟ್ಟು ತಿಂದು ನದಿಯ ದಂಡೆಯ ತನಕ ಹೇಗೆ ನಡೆದು ಹೋಗುತ್ತಾರೆ? ವೈದ್ಯಶಾಸ್ತ್ರ ಕುಳಿತು ಚಿಂತಿಸಬೇಕಾದ ಸಂಗತಿ. ಅವರನ್ನೇ ಕೇಳಿದರೆ ಉತ್ತರ ಸರಳವಾಗಿದೆ: ಅವರೊಳಗೆ ಇರುವುದು ಅಂಗಾಂಗಗಳಲ್ಲ, ಡಿಪಾರ್ಟ್‌ಮೆಂಟುಗಳು.

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಕಾಗದದ ಮಿಲ್ಲಿನಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ನಿವೃತ್ತರಾದವರು ಸಾಮಾನ್ಯವಾಗಿ ಮಿಲ್ಲು ಬಿಟ್ಟು ಮನೆಗೆ ಬರುತ್ತಾರೆ. ಇವರು ಮಿಲ್ಲನ್ನೂ ಜೊತೆಗೆ ತಂದರು. ಮನೆಯಲ್ಲಿ ಜಾಗವಿರಲಿಲ್ಲವಾದ್ದರಿಂದ ಅಂಗಿಯ ಗುಂಡಿಗಳ ಹಿಂದೆ ಇಟ್ಟುಕೊಂಡರು.

ಅಲ್ಲಿನ ವ್ಯವಸ್ಥೆ ಹೀಗಿದೆ. ಹಲ್ಲುಗಳು ಬಿದಿರು ಕತ್ತರಿಸುವ ಯಂತ್ರ. ಹೊಟ್ಟೆ ಅದನ್ನು ಬೇಯಿಸುವ ಹಂಡೆ. ಶ್ವಾಸಕೋಶ ಗಾಳಿ ಊದುವ ಬ್ಲೋವರ್. ಮೂತ್ರಪಿಂಡ ಕೊಳೆ ನೀರು ಸೋಸುವ ಘಟಕ. ಎಲುಬು ಶೆಡ್ಡಿನ ಕಂಬ, ಚರ್ಮ ಅದರ ಮೇಲಿನ ತಗಡು. ನರಗಳು ಟೆಲಿಫೋನಿನ ತಂತಿ. ಹೃದಯ ನೀರೆತ್ತಿ ಎಲ್ಲ ಕಡೆಗೂ ಹರಿಸುವ ಪಂಪ್‌ಹೌಸ್. ಮಿದುಳು? ಮಾಮಾ ಹೇಳುವುದು ಕೇಳಿ:

“ಅದು ಆಡಳಿತ ಕಚೇರಿ. ಮ್ಯಾಲಿನ ಮಾಳಿಗ್ಯಾಗ ಕುಂತಿರ್ತೈತಿ. ತಳಗ ಏನ್ ನಡದೈತಿ ಅನ್ನೂದು ಅದಕ್ಕ ಎಲ್ಲಾರಕಿಂತ ಕಡೀಗೆ ತಿಳೀತೈತಿ.”

ಈ ಶಾಸ್ತ್ರಕ್ಕೆ ಒಬ್ಬ ಭಿನ್ನಮತೀಯರೂ ಇದ್ದಾರೆ. ಅದೇ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ ಇಸ್ಮಾಯಿಲ್ ಚಾಚಾ, ಪಕ್ಕದ ಓಣಿಯವರು. ಸಂಜೆ ಕಟ್ಟೆಯ ಮೇಲೆ ಕುಳಿತು ಇಬ್ಬರೂ ಯಕೃತ್ತಿನ ಬಗ್ಗೆ ಜಗಳವಾಡುತ್ತಾರೆ.

“ಲಿವರ್ ಅಂದ್ರ ಕೆಮಿಕಲ್ ಸೆಕ್ಷನ್” ಎನ್ನುತ್ತಾರೆ ಮಾಮಾ.

“ಅಲ್ರೀ ಸಾಹೇಬ್ರ, ಅದು ಬಾಯ್ಲರ್. ಮೈ ಬಿಸಿ ಇಡೂದು ಯಾರು ಮತ್ತ?”

“ನಿಂಗ ಬಾಯ್ಲರ್ ಬಿಟ್ರ ಬ್ಯಾರೆ ಏನ್ ಗೊತ್ತೈತಿ?”

“ನಿಮಗ ಬಾಯ್ಲರ್ ಗೊತ್ತಿದ್ರ ಅವತ್ತ ಹುಬ್ಬ ಯಾಕ ಸುಟ್ಕೊತಿದ್ರಿ?”

ಇಲ್ಲಿಗೆ ಆ ದಿನದ ವಿಚಾರ ಸಂಕಿರಣ ಮುಗಿಯುತ್ತದೆ.

ನಾನು ಹಳಿಯಾಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಒಮ್ಮೆ ಯಾವ ಗ್ರಹಚಾರವೋ, ದೇಹದ ಅಂಗವ್ಯೂಹಗಳ ಪಾಠಕ್ಕೆ ಮಾಮಾನನ್ನು ಕರೆದುಬಿಟ್ಟೆ. ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು ಬಂದರು. ಮಕ್ಕಳು ನನ್ನ ಪಾಠಕ್ಕೆ ಎಂದೂ ಕೊಡದ ಗಮನವನ್ನು ಕೊಟ್ಟರು. ಗ್ರಂಥಿಗಳೆಂದರೆ ಯೂನಿಯನ್ ಲೀಡರುಗಳು, ಆಳು ಸಣ್ಣವರು, ಆದರೆ ಮುನಿಸಿಕೊಂಡರೆ ಇಡೀ ಮಿಲ್ಲು ಬಂದ್ ಎಂದಾಗ ಚಪ್ಪಾಳೆಯೇ ಬಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸಂತಾನೋತ್ಪತ್ತಿ ವ್ಯೂಹ ಯಾವ ಡಿಪಾರ್ಟ್‌ಮೆಂಟ್ರೀ ಅಜ್ಜಾರ?” ಎಂದು ಕೇಳಿದಳು. ಮಾಮಾ ಕನ್ನಡಕ ಒರೆಸಿದರು. ಮತ್ತೊಮ್ಮೆ ಒರೆಸಿದರು.

“ಅದು ಹೊಸಾ ಮಷೀನ್ ಕೂಡ್ಸೂ ಕೆಲಸ. ನಮ್ಮ ಕಡೆ ಬರೂದಿಲ್ಲ. ನಿಮ್ಮ ಸರ್ ಹೇಳ್ತಾರ.”

ಪಾಠದ ಫಲ ಪರೀಕ್ಷೆಯಲ್ಲಿ ತಿಳಿಯಿತು. ಮೂತ್ರಪಿಂಡಗಳು ಕೆಲಸ ನಿಲ್ಲಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಒಬ್ಬ ವಿದ್ಯಾರ್ಥಿ ಬರೆದಿದ್ದ: ‘ನದಿಯ ಕೆಳಗಿನ ಊರಿನವರು ಬಂದು ತಕರಾರು ಮಾಡುತ್ತಾರೆ.’ ಯೋಚಿಸಿ ನೋಡಿದೆ. ಅರ್ಧ ಅಂಕ ಕೊಟ್ಟೆ.

ಇನ್ನು ಕೆಂಪು ಬಿಲ್ಲೆಯ ವಿಷಯ. ಮಿಲ್ಲಿನಲ್ಲಿ ಯಂತ್ರ ನಿಲ್ಲಿಸಿ ರಿಪೇರಿಗೆ ಇಳಿಯುವವನು ಅದರ ಸ್ವಿಚ್ಚಿಗೆ ಒಂದು ಕೆಂಪು ತಗಡಿನ ಬಿಲ್ಲೆ ಕಟ್ಟಬೇಕು. ‘ಕೆಲಸ ನಡೆದಿದೆ, ಚಾಲೂ ಮಾಡಬೇಡಿ’ ಎಂದು ಅದರ ಮೇಲೆ ಬರೆದಿರುತ್ತದೆ. ಕಟ್ಟಿದವನೇ ಬಿಚ್ಚಬೇಕು. ಮ್ಯಾನೇಜರೇ ಬಂದರೂ ಮುಟ್ಟುವಂತಿಲ್ಲ. ಒಳಗೆ ಕೈಯಿಟ್ಟವನ ಜೀವ ಆ ಬಿಲ್ಲೆಯಲ್ಲಿರುತ್ತದೆ. ನಿವೃತ್ತಿಯ ದಿನ ಮಿಲ್ಲಿನವರು ಶಾಲು ಹೊದಿಸಿದರೆ, ಮಾಮಾ ಅದನ್ನು ಹೊದ್ದುಕೊಂಡೇ ಹಳೆಯದೊಂದು ಬಿಲ್ಲೆಯನ್ನು ಕೇಳಿ ತಂದರು.

ಮನೆಗೆ ಬಂದ ಬಿಲ್ಲೆ ಸುಮ್ಮನಿರುತ್ತದೆಯೇ? ಮಾಮಿಯ ಮಿಕ್ಸರ್ ಕೆಟ್ಟಿತು. ಮಾಮಾ ಅದನ್ನು ಬಿಚ್ಚಿ ಹರವಿ ಸರಿಮಾಡಿದರು, ಸ್ವಿಚ್ಚಿಗೆ ಕಟ್ಟಿದ್ದ ಬಿಲ್ಲೆಯನ್ನು ಮಾತ್ರ ಮರೆತು ಉಳವಿಯ ಜಾತ್ರೆಗೆ ಹೊರಟುಹೋದರು. ಮಾಮಿ ಫೋನು ಮಾಡಿದರು.

“ನಾನ ಬಿಚ್ಚಿದ್ರ ನಡೀತೈತಿಲ್ರೀ?”

“ಕಟ್ಟಿದಾಂವ ಬಿಚ್ಚಬೇಕು. ರೂಲ್ ಅಂದ್ರ ರೂಲ್.”

“ಒಳಗ ಯಾರ ಕೈನೂ ಇಲ್ಲ. ಬರೇ ಕೊಬ್ರಿ ಐತಿ.”

“ಕೊಬ್ರಿಗೂ ಅದ ರೂಲ್.”

ಮಾಮಾ ಹಿಂತಿರುಗುವ ತನಕ ಆ ಮನೆಯಲ್ಲಿ ಚಟ್ನಿಯಾಗಲಿಲ್ಲ. ಮಾಮಿ ಆ ರೂಲನ್ನು ಚೆನ್ನಾಗಿ ನೆನಪಿಟ್ಟುಕೊಂಡರು.

ಕಳೆದ ಮಳೆಗಾಲದ ಹೊತ್ತಿಗೆ ಮಾಮಾನಿಗೆ ನಡೆದರೆ ಎದೆ ಹಿಡಿದುಕೊಳ್ಳತೊಡಗಿತು. “ಹಂಡೇದಾಗ ಗ್ಯಾಸ್ ತುಂಬೈತಿ” ಎಂದು ತಾವೇ ತೀರ್ಪು ಕೊಟ್ಟು ಜೀರಿಗೆ ನೀರು ಕುಡಿದರು. ಇಸ್ಮಾಯಿಲ್ ಚಾಚಾ ಬ್ಲೋವರಿನ ದೋಷವೆಂದರು. ಇಷ್ಟು ದೊಡ್ಡ ತಜ್ಞರಿಬ್ಬರೂ ಒಂದೇ ಸಲ ತಪ್ಪುವುದುಂಟೇ? ಹುಬ್ಬಳ್ಳಿಯ ಡಾಕ್ಟರು ಹೇಳಿದರು: ಪಂಪ್‌ಹೌಸು. ಕೊಳವೆಗಳು ಕಟ್ಟಿವೆ. ಬೈಪಾಸ್ ಆಗಲೇಬೇಕು, ಬೇಗ ಆಗಬೇಕು.

ಮಾಮಾ ಎಲ್ಲಕ್ಕೂ ತಲೆದೂಗಿದರು. ಆಪರೇಷನ್ ನಡೆಯುವಾಗ ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತೇವೆ ಎಂದು ಡಾಕ್ಟರು ವಿವರಿಸಿದ್ದೇ ತಡ, ಎದ್ದು ನಿಂತರು.

“ಪಂಪ್‌ಹೌಸ್ ನಿಲ್ಸೂದಿಲ್ರೀ. ನಾ ಮಿಲ್ಲಿನ್ಯಾಗ ಇದ್ದಷ್ಟ್ ದಿನಾ ಒಮ್ಮೆನೂ ನಿಲ್ಸಿಲ್ಲ.”

“ಆ ಕೆಲಸಾನ ಬ್ಯಾರೆ ಮಷೀನ್ ಮಾಡ್ತೈತ್ರಿ” ಎಂದರು ಡಾಕ್ಟರು.

“ಬಂದ್ ಮಾಡೂದು ಯಾರಿಗೂ ಬರ್ತೈತಿ. ಮತ್ತ ಚಾಲೂ ಮಾಡೋರು ಯಾರು?”

ಆ ಪ್ರಶ್ನೆಗೆ ಡಾಕ್ಟರು ಕೊಟ್ಟ ಉತ್ತರ ಮಾಮಾನಿಗೆ ಸಾಲಲಿಲ್ಲ. ದಾಂಡೇಲಿಗೆ ವಾಪಸು ಬಂದು ಕಟ್ಟೆಯ ಮೇಲೆ ಕುಳಿತರು. ನಾನು ಪಠ್ಯಪುಸ್ತಕದ ಚಿತ್ರ ತೋರಿಸಿದೆ. ಚಾಚಾ ಬೈದರು. ಮಾಮಾ ನದಿಯ ಕಡೆ ನೋಡುತ್ತಿದ್ದರು. ನಲವತ್ತು ಮಂದಿಗೆ ಹುಕುಂ ಕೊಟ್ಟ ಮನುಷ್ಯ ಹೆದರಿದ್ದನ್ನು ನಾನು ಅಂದೇ ಮೊದಲು ಕಂಡದ್ದು.

ಮಾಮಿ ಅಡುಗೆಮನೆಯಿಂದ ಹೊರಗೆ ಬಂದರು. ಸೆರಗಿಗೆ ಕೈ ಒರೆಸಿಕೊಂಡು ಮಾಮಾನ ಬಲಗೈ ಎಳೆದುಕೊಂಡರು. ಮಣಿಕಟ್ಟಿಗೆ ಆ ಕೆಂಪು ಬಿಲ್ಲೆ ಕಟ್ಟಿದರು.

“ಕಟ್ಟಿದಾಕಿ ನಾನು. ಬಿಚ್ಚೂದೂ ನಾನ. ಅಲ್ಲೀ ತನಕ ಯಾರೂ ನಿಮ್ಮನ್ನ ಮುಟ್ಟೂ ಹಂಗಿಲ್ಲ, ಆ ಮ್ಯಾಲಿನ ಮ್ಯಾನೇಜರ್ ಬಂದ್ರೂನೂ. ರೂಲ್ ಅಂದ್ರ ರೂಲ್.”

ಮಾಮಾ ಗಂಟನ್ನು ಎಳೆದು ನೋಡಿದರು.

“ಗಂಟು ಸಡ್ಲ ಐತಿ” ಎಂದು ಕೈ ಮುಂದೆ ಚಾಚಿದರು. ಮಾಮಿ ಬಿಗಿಯಾಗಿ ಕಟ್ಟಿದರು.

ಹುಬ್ಬಳ್ಳಿಯಲ್ಲಿ, ಆಪರೇಷನ್ ಕೋಣೆಯೊಳಗೆ ತಗಡಿಗೆ ಪ್ರವೇಶವಿಲ್ಲ ಎಂದು ನರ್ಸಮ್ಮ ಕತ್ತರಿ ತಂದಾಗ ಸಣ್ಣ ಯುದ್ಧವೇ ಆಯಿತು. ಕೊನೆಗೆ ಮಾಮಿಯೇ ಬಿಚ್ಚಿ ಮಾಮಾನ ಕಣ್ಣೆದುರೇ ತಮ್ಮ ಕೈಗೆ ಕಟ್ಟಿಕೊಂಡರು. “ಜಾಗಾ ಬದಲಿ ಆತು ಅಷ್ಟ” ಎಂದರು. ಮಾಮಾ ಒಪ್ಪಿ ತಲೆಯಾಡಿಸಿದರು. ಗಾಡಿ ಒಳಗೆ ಹೋಯಿತು. ಮಾಮಿ ಆ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲ ಎದುರು ಕುಳಿತವರು, ಡಾಕ್ಟರು ನಗುತ್ತ ಹೊರಗೆ ಬರುವ ತನಕ ಚಹಾಕ್ಕೂ ಏಳಲಿಲ್ಲ.

ಈಗ ಮಾಮಾ ಮತ್ತೆ ನದಿಯ ತನಕ ನಡೆಯುತ್ತಾರೆ. ಉಪ್ಪಿಟ್ಟು ಒಂದೇ ತಾಟಿಗೆ ಇಳಿದಿದೆ. ಯಕೃತ್ತಿನ ವ್ಯಾಜ್ಯ ಇನ್ನೂ ತೀರಿಲ್ಲ. ಮಾಮಿ ಕಟ್ಟಿದ ಬಿಲ್ಲೆ ಮಾತ್ರ ಅವರ ಮಂಚದ ತಲೆಗಡೆಗೆ ತೂಗುತ್ತಿದೆ. ಮೊನ್ನೆ ನಾನು ಹೋದಾಗ ಮಾಮಾ ದೂರು ಹೇಳಿದರು.

“ನೋಡೋ, ಪಂಪ್‌ಹೌಸ್ ಚಾಲೂ ಆಗಿ ಎಷ್ಟ್ ತಿಂಗ್ಳಾತು. ಬಿಲ್ಲೆ ತಗೀ ಅಂದ್ರ ನಿಮ್ಮ ಮಾಮಿ ತಗ್ಯಾಂಗಿಲ್ಲ ಅಂತಾಳ.”

ಒಳಗಿನಿಂದ ಮಿಕ್ಸರಿನ ಸದ್ದು ನಿಂತಿತು.

“ಕೆಲಸ ಇನ್ನೂ ನಡದೈತಿ” ಎಂದರು ಮಾಮಿ. ಚಟ್ನಿ ರುಬ್ಬುವುದು ಮುಂದುವರಿಯಿತು.