ಎಂ.ಎಸ್ಸಿ. ಬೇಡವೆಂದ ಸಿಸ್ಟರ್

ಮೇಟ್ರನ್ ಯಾರ ಹೆಗಲ ಮೇಲೂ ಕೈ ಹಾಕಿದವರಲ್ಲ. ಅಂಥವರು ಅಂದು ಬೆಳಗ್ಗೆ ಗಂಡಸರ ವಾರ್ಡಿಗೆ ಬಂದು ಸಿಸ್ಟರ್ ಹೆಗಲ ಮೇಲೆ ಕೈ ಹಾಕಿ, "ಎಂ.ಎಸ್ಸಿ. ನರ್ಸಿಂಗ್ ಮಾಡ್ತೀಯೇನಮ್ಮ? ಈ ಸಲ ಒಬ್ರಿಗೆ ಸಂಬಳದ ಸಮೇತ ರಜೆ ಕೊಡ್ತಾರಂತೆ. ವಾರ್ಡಿನೋರನ್ನೇ ಮೊದಲು ಕೇಳ್ಬೇಕು. ಸಂಜೆ ರೌಂಡ್ಸಿಗೆ ಬಂದಾಗ ಹೇಳು" ಎಂದು ಹೊರಟುಹೋದರು. ಸಿಸ್ಟರ್ ಎದೆ ಧಸಕ್ಕೆಂದಿತು.

ಅವಳು ಓದಿಗೆ ಹೆದರುವವಳಲ್ಲ. ರಕ್ತಕ್ಕೆ, ಹೆಣಕ್ಕೆ, ಕುಡಿದು ಬಂದು ಕೂಗಾಡುವ ರೋಗಿಯ ಭಾವಮೈದುನನಿಗೂ ಹೆದರಿದವಳಲ್ಲ. ಹೆದರಿಕೆ ಇದ್ದದ್ದು ನಾಲ್ಕು ಜನರ ಮುಂದೆ ನಿಂತು ಮಾತಾಡುವುದಕ್ಕೆ. ಒಬ್ಬನ ಕಿವಿಯಲ್ಲಿ ಧೈರ್ಯ ಹೇಳೆಂದರೆ ಸತ್ತವನೂ ಎದ್ದು ಕೂರಬೇಕು, ಹಾಗೆ ಹೇಳುತ್ತಾಳೆ. ಕೇಳುವವರು ಹೆಚ್ಚಾದರೋ, ನಾಲಿಗೆ ಅಂಗುಳಕ್ಕೆ ಅಂಟಿಬಿಡುತ್ತದೆ. ಎಂ.ಎಸ್ಸಿ. ಮಾಡಿದವರನ್ನು ವಾರ್ಡಿನಲ್ಲಿ ಉಳಿಸುವುದಿಲ್ಲ, ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಪಾಠ ಮಾಡಲು ಹಾಕುತ್ತಾರೆ. ಸದ್ಯಕ್ಕೆ ಬೇರೆ ಯಾರೂ ಇಲ್ಲದೆ ಆ ಪಾಠ ಮೇಟ್ರನ್ ತಲೆಗೇ ಬಿದ್ದಿತ್ತು.

ಹಾಗಂತ ಬೇಡ ಅನ್ನಲೂ ಭಯ. ನಿನ್ನೆ ಮೊನ್ನೆ ಬಂದ ಹುಡುಗಿಯರು ಓದಿಕೊಂಡು ಮೇಲೆ ಹೋಗಿ, "ಬೆಡ್‌ಶೀಟ್ ಯಾಕೆ ಸುಕ್ಕಾಗಿದೆ?" ಎಂದು ತನ್ನನ್ನೇ ಗದರಿಸುವ ದಿನ ದೂರವಿರಲಿಲ್ಲ.

ನೆಲ ಒರೆಸುತ್ತಿದ್ದ ಆಯಾ ಸುದ್ದಿಯನ್ನೂ ಜೊತೆಗೇ ಒಂದೊಂದು ಮಂಚಕ್ಕೆ ಒರೆಸಿಕೊಂಡು ಹೋದಳು.

"ಓದ್ಲೇಬೇಕು ಸಿಸ್ಟರ್!" ಎಂದರು ಹರ್ನಿಯಾ ಆಪರೇಶನ್ ಮಾಡಿಸಿಕೊಂಡು ಮಲಗಿದ್ದ ರಿಟೈರ್ಡ್ ಹೆಡ್‌ಮಾಸ್ಟರು. "ಪಾಠ ಏನು ಮಹಾ? ಎದುರಿಗಿರೋರೆಲ್ಲ ಕುರಿ ಅಂದ್ಕೊಂಡು ಮಾತಾಡೋದಪ್ಪ."

"ಕುರಿ ಪ್ರಶ್ನೆ ಕೇಳಲ್ಲ ಸಾರ್," ಎಂದಳು ಸಿಸ್ಟರ್.

"ಸುಮ್ನಿರಿ ಮೇಷ್ಟ್ರೇ," ಆಯಾ ಸೊಂಟಕ್ಕೆ ಕೈಕೊಟ್ಟು ನಿಂತಳು. "ಅಷ್ಟು ಓದಿ ಗಂಟಲು ಹರ್ಕೊಳ್ಳೋ ಕೆಲ್ಸ ಯಾರಿಗೆ ಬೇಕು? ನಮ್ಮ ಸಿಸ್ಟರ್ ಪಕ್ಕದಲ್ಲಿ ನಿಂತು ಕರೆದ್ರೇ ನಂಗೆ ಕೇಳ್ಸಲ್ಲ."

ವಾರ್ಡು ಎರಡು ಪಕ್ಷವಾಯಿತು. ಮಾತಾಡಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದವನೂ ಕೈಸನ್ನೆಯಲ್ಲಿ ವಾದಕ್ಕಿಳಿದ. ಹೊತ್ತು ಇಳಿದಂತೆಲ್ಲ ಸಿಸ್ಟರ್ ಗಾಬರಿಯಿಂದ ಬಾಗಿಲ ಕಡೆ ನೋಡುವುದು ಹೆಚ್ಚಾಯಿತು. ಆ ಗಾಬರಿಯಲ್ಲಿ ಹೆಡ್‌ಮಾಸ್ಟರ ಬಿ.ಪಿ. ನೋಡಲು ಹೋಗಿ ಪಟ್ಟಿಯನ್ನು ತನ್ನ ತೋಳಿಗೇ ಸುತ್ತಿಕೊಂಡಳು. ಮೆಷಿನ್ನು ಕಿರುಚಿಕೊಂಡಿತು.

"ಅಯ್ಯಯ್ಯೋ, ನೂರೆಂಬತ್ತು!" ಹೆಡ್‌ಮಾಸ್ಟರು ಹೊಲಿಗೆ ಹಿಡಿದುಕೊಂಡೇ ಎದ್ದು ಮಂಚ ಬಿಟ್ಟುಕೊಟ್ಟರು. ಆಯಾ ಸಿಸ್ಟರನ್ನು ಮಲಗಿಸಿ ಕತ್ತಿನತನಕ ಹೊದಿಸಿದಳು. ನಡೆಯಲಾಗುವ ರೋಗಿಗಳೆಲ್ಲ ಸುತ್ತ ನಿಂತು ಗಾಳಿ ಬೀಸಿದರು. ಅಷ್ಟು ಜನ ನೋಡುತ್ತಿದ್ದುದರಿಂದ ಬಿ.ಪಿ. ಇನ್ನೂ ಏರಿತು.

ಆಗಲೇ ಮೇಟ್ರನ್ ಬಂದರು.

"ಏನಮ್ಮ ಇದು? ರೋಗಿಗಳು ನಿಂತಿದ್ದಾರೆ, ನೀನು ಮಲಗಿದ್ದೀಯ!"

ಸಿಸ್ಟರ್ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿದಳು: "ನಂಗೆ ಎಂ.ಎಸ್ಸಿ. ಬೇಡ ಮೇಡಂ. ನಾನು ಎಲ್ಲಿಗೂ ಹೋಗಲ್ಲ. ಇಲ್ಲೇ ಇರ್ತೀನಿ."

ಬೈಗುಳ ಬರಲಿಲ್ಲ. ಕಣ್ಣು ಬಿಟ್ಟರೆ ಮೇಟ್ರನ್ ಮುಖ ಊರಗಲ ಅರಳಿತ್ತು.

"ನಿನ್ನ ಹೊಟ್ಟೆ ತಣ್ಣಗಿರಲಿ! ನೀವೆಲ್ಲ ಬೇಡ ಅಂದ್ರೆ ಆ ರಜೆ ನಂಗೇ. ಓದ್ಬೇಕು ಅಂತ ಎಷ್ಟು ವರ್ಷದ ಆಸೆ ಗೊತ್ತಾ? ಉಳಿದೋರನ್ನೆಲ್ಲ ಆಗ್ಲೇ ಕೇಳಿದ್ದೆ, ನೀನೊಬ್ಳೇ ಬಾಕಿ ಇದ್ದಿದ್ದು."

ಸಿಸ್ಟರ್ ಎದೆ ಹಗುರಾಯಿತು. ಏಳಲು ಹೊದಿಕೆ ಸರಿಸಿದಳು.

"ಆದ್ರೆ ನಾನು ಓದಿ ಬರೋ ತನಕ ನನ್ನ ಕ್ಲಾಸ್ ತಗೊಳ್ಳೋರು ಬೇಕಲ್ಲ," ಎನ್ನುತ್ತ ಮೇಟ್ರನ್ ಬಾಗಿಲ ಕಡೆ ಕೈ ಬೀಸಿದರು. "ಇಲ್ಲೇ ಇರ್ತೀನಿ ಅಂತ ನೀನೇ ಹೇಳಿದ್ಯಲ್ಲ. ಬನ್ರಮ್ಮಾ, ಒಳಗೆ ಬನ್ನಿ!"

ರೌಂಡ್ಸಿಗೆಂದು ಮೇಟ್ರನ್ ಜೊತೆ ಬಂದು ಹೊರಗೆ ಕಾದಿದ್ದ ನರ್ಸಿಂಗ್ ವಿದ್ಯಾರ್ಥಿನಿಯರ ಹಿಂಡೇ ಒಳನುಗ್ಗಿ ಮಂಚದ ಸುತ್ತ ಪೆನ್ನು ಹಿಡಿದು ನಿಂತಿತು. ಸಿಸ್ಟರ್ ಸರಿಸಿದ್ದ ಹೊದಿಕೆಯನ್ನು ಮತ್ತೆ ಕತ್ತಿನತನಕ ಎಳೆದುಕೊಂಡಳು.

"ಮೇಡಂ, ಈ ಪೇಷೆಂಟಿಗೆ ಏನಾಗಿದೆ?" ಎಂದಳು ಮುಂದಿದ್ದ ಹುಡುಗಿ.

"ಪೇಷೆಂಟಲ್ಲಮ್ಮ, ನಿಮ್ಮ ಹೊಸ ಟೀಚರು," ಎಂದರು ಮೇಟ್ರನ್. "ಅವರನ್ನೇ ಕೇಳಿ."